ಊಟಕ್ಕೆ ಕರೆದ ಕೂಗು

ಮರಳವಾಡಿ
ಭಾನುವಾರ

ಸಿನಿಮಾ ಮಾಡುವ ಶಾಲಿನಿ ಮೇಡಂ ಅವರಿಗೆ, ದಾಸಮ್ಮನ ನಮಸ್ಕಾರ.

ತಾಯಿಯ ಪಾತ್ರಕ್ಕೆ ನನ್ನನ್ನೇ ಆರಿಸಿದ್ದೀರಂತೆ. ದಯವಿಟ್ಟು ಬೇರೆ ಯಾರಿಗಾದರೂ ಕೊಡಿ.

ಅವತ್ತು ಕನಕಪುರದ ಆಡಿಷನ್‌ನಲ್ಲಿ, ಮಗನನ್ನು ಊಟಕ್ಕೆ ಕರೆಯಿರಿ ಎಂದಿರಿ. ನೀವು ಹೇಳಿಕೊಟ್ಟ ಹೆಸರು ಬಾಯಿಗೆ ಬರಲಿಲ್ಲ. ‘ಬೈರೇಶಾ, ಉಣ್ಣಾಕೆ ಬಾರ್ಲಾ’ ಎಂದು ಕೂಗಿಬಿಟ್ಟೆ. ಬೈರೇಶ ನನ್ನ ಮಗ. ಕಲ್ಲು ಕ್ವಾರಿಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಯಿತು.

ಹೊರಗೆ ಕೂತಿದ್ದ ನಮ್ಮ ಯಜಮಾನರಿಗೆ ಆ ಕೂಗು ಕೇಳಿಸಿತು. ಅಂದಿನಿಂದ ಊಟಕ್ಕೆ ಮೂರು ತಟ್ಟೆ ಇಡುತ್ತಾರೆ. ‘ನೀನು ಕೂಗಿದ ಮ್ಯಾಲೆ ಬಂದೇ ಬತ್ತಾನೆ, ಒಸಿ ತಡಿ’ ಎನ್ನುತ್ತಾರೆ.

ಅದು ಬರೀ ಪಾತ್ರವೆಂದು ಹೇಳಲು ನನ್ನಿಂದ ಆಗುತ್ತಿಲ್ಲ. ನೀವೇ ಒಮ್ಮೆ ಮನೆಗೆ ಬಂದು ಹೇಳಿ. ಬಾಗಿಲು ಮಾತ್ರ ತಟ್ಟಬೇಡಿ, ಹೊರಗಿನಿಂದಲೇ ನಿಮ್ಮ ಹೆಸರು ಹೇಳಿ. ಈಗೀಗ ಬಾಗಿಲು ಸದ್ದಾದರೆ ನಾನೂ ಎದ್ದು ಓಡುತ್ತೇನೆ.

ಇಂತಿ,
ದಾಸಮ್ಮ