ಇನ್ನೊಮ್ಮೆ ತೊಳೆದ ಹಳದಿ ಹರಳು

ಅಪ್ಪಾ,

ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಕಾಲಿನ ಹುಣ್ಣು ಕೀವುಗಟ್ಟಿದ್ದಾಗ, ಲೋಹದ ಲವಣಕ್ಕೆ ಪೆರಾಕ್ಸೈಡನ್ನು ಹನಿಹನಿಯಾಗಿ ಬೆರೆಸಿ ನಾನು ಲ್ಯಾಬಿನಲ್ಲಿ ಹುಣ್ಣಿನ ಔಷಧಿಗೆಂದು ಹಳದಿ ಹರಳು ಮಾಡುತ್ತಿದ್ದೆನಲ್ಲ? "ಇಲಿಗಿಂತ ನಾನೇ ಅಗ್ಗ ಕಣೇ, ನನಗೇ ಹಚ್ಚಿ ನೋಡು," ಅಂತ ನೀನು ನಗುತ್ತಿದ್ದೆ. ಆ ಹುಣ್ಣಿನ ನಂಜೇರಿ ನೀನು ತೀರಿಹೋಗುವವರೆಗೂ ನಾನು "ಪರೀಕ್ಷೆ ಆಗ್ಲಿ ಇರಪ್ಪ," ಅನ್ನುತ್ತಲೇ ಇದ್ದೆ.

ಆ ಪರೀಕ್ಷೆ ಇವತ್ತು ಆಯಿತು. ಗಾಜಿನ ತಟ್ಟೆಯಲ್ಲಿ ಹರಳಿನ ಸುತ್ತ ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ. ಆದರೆ ವಿಷ ಎಷ್ಟಿದೆಯೆಂದು ನೋಡಲು ಅದೇ ಹರಳು ಕರಗಿಸಿದ ನೀರಿಗೆ ಬಿಟ್ಟಿದ್ದ ಸೀಗಡಿ ಮರಿಗಳೆಲ್ಲ ಸತ್ತು ತಳ ಸೇರಿದ್ದವು. ಸದ್ಯ, ನಿನಗೆ ಹಚ್ಚಲಿಲ್ಲವಲ್ಲ ಎಂದು ಎಷ್ಟೋ ಕಾಲದ ಮೇಲೆ ನಿರಾಳವಾಗಿ ಉಸಿರು ಬಿಟ್ಟೆ.

ಅಷ್ಟರಲ್ಲಿ ನಮ್ಮ ಲ್ಯಾಬಿನ ಮೇಡಂ ಬಂದು ಬಗ್ಗಿ ನೋಡಿದರು. "ಹರಳು ಸರಿಯಾಗಿ ತೊಳ್ದಿಲ್ಲ ನೀನು. ಅಂಟ್ಕೊಂಡಿರೋ ಪೆರಾಕ್ಸೈಡೇ ಮರಿಗಳನ್ನ ಕೊಂದಿರಬಹುದು. ತೊಳೆದು ಇನ್ನೊಂದ್ಸಲ ನೋಡು," ಅಂದರು.

ತೊಳೆದೆ. ಹೊಸ ಮರಿಗಳನ್ನು ಬಿಟ್ಟು ಬಂದಿದ್ದೇನೆ. ನಾಳೆ ಬೆಳಿಗ್ಗೆ ಅವು ಈಜುತ್ತಿರಲಿ ಅನ್ನಲೋ, ಬೇಡ ಅನ್ನಲೋ, ತಿಳಿಯುತ್ತಿಲ್ಲ ಅಪ್ಪಾ.