ಗುಡುಗಿಗೆ ಮರೆಯಾದ ಹೊಳೆ

ನನ್ನ ಹೆಂಡತಿ ಲಲಿತಳಿಗೆ,

ಹೀಗೆ ಬರೆದರೆ ನೀನು ನಗುತ್ತಿ, ಗೊತ್ತು. ಆದರೆ ಇವತ್ತಿನದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಉಪ್ಪಿನಂಗಡಿಯ ಈ ಮನೆಯ ಮಾಳಿಗೆ ಕಿಟಕಿಗೆ ನೀನು ಕ್ಯಾಮರಾ ಕಟ್ಟಿದ ದಿನ ನೆನಪುಂಟಾ? ಕೆಳಗಿನ ಪೇಟೆಯವರು ಹೊಳೆ ಎಷ್ಟು ಏರಿತೆಂದು ಫೋನಿನಲ್ಲೇ ನೋಡಲಿ ಎಂದು. ಪಕ್ಕದ ಪುಟ್ಟ ಕಂಪ್ಯೂಟರಿನಿಂದ ಚಿತ್ರ ನೇರ ಜಗತ್ತಿಗೆ ಹೋಗುತ್ತಿತ್ತು. ಮೊನ್ನೆ ಸುಳ್ಯದಿಂದ ಬಂದ ತಮ್ಮನ ಮಗಳು ರಶ್ಮಿ ಅದನ್ನು ನೋಡಿ ಹೌಹಾರಿದಳು.

"ದೊಡ್ಡಪ್ಪ, ಯಾರ್ಯಾರೋ ಪಾಸ್‌ವರ್ಡ್ ಹಾಕಿ ಒಳಗೆ ಬರ್ಲಿಕ್ಕೆ ನೋಡ್ತಾ ಇದ್ದಾರೆ! ಎದುರಿಗೆ ಇಂಟರ್ನೆಟ್ಟಿನಲ್ಲೇ ಬಾಡಿಗೆಯ ಬೇರೆ ಸರ್ವರ್ ಇಟ್ಟು ರಿವರ್ಸ್ ಪ್ರಾಕ್ಸಿ ಹಾಕುವ. ಕೇಳಿದವರಿಗೆ ಅದೇ ಒಳಗಿಂದ ಚಿತ್ರ ತಂದು ಕೊಡ್ತದೆ. ನಮ್ಮ ಮನೆ ಯಾರಿಗೂ ಕಾಣುದಿಲ್ಲ."

ಅಂದಿನಿಂದ ಮಾಳಿಗೆಯಲ್ಲಿ ಅಂಗಿ ಬದಲಿಸಲೂ ಹೆದರಿಕೆ. ಜಗಲಿಗೆ ಬಂದವರನ್ನು ನೀನೇ ಮಾತಾಡಿಸಿ, ಒಳಗೆ ಬಂದು ನನ್ನನ್ನು ಕೇಳಿ, ಹೊರಗೆ ಹೋಗಿ ಉತ್ತರ ಹೇಳುತ್ತಿದ್ದೆಯಲ್ಲ, ಅದೇ ಕೆಲಸ ಈ ಪ್ರಾಕ್ಸಿಯದ್ದೂ. ನೀನು ಹೋದ ಮೇಲೆ ಜಗಲಿಯಲ್ಲಿ ಯಾರಾದರೂ ಕೆಮ್ಮಿದರೆ ನಾನು...

ಇವತ್ತು ರಶ್ಮಿ ಫೋನಿನಲ್ಲಿ ಹೇಳಿದಂತೆ ಒಂದೊಂದೇ ಸಾಲು ಕುಟ್ಟಿದೆ. ನನ್ನ ಬಿ.ಎ. ಇಂಗ್ಲಿಷಿನಲ್ಲಿ ಸರ್ವರ್ ಎಂದರೆ ಊಟ ಬಡಿಸುವವ! ಸಾಲಿನ ಕೊನೆಯ ಸೆಮಿಕೋಲನ್ ಬಿಟ್ಟು ಬೈಸಿಕೊಂಡೆ. ಅಂತೂ ಫೋನಿನಲ್ಲಿ ಹೊಳೆ ಬಂತು, ಸ್ನಾನಘಟ್ಟದ ಮೆಟ್ಟಿಲುಗಳೂ ಬಂದವು.

ಅಷ್ಟರಲ್ಲಿ ಗುಡುಗಿತು. "ಪ್ಲಗ್ ತೆಗೀರಿ ಮಾರಾಯ್ರೆ, ಟಿ.ವಿ. ಸುಟ್ಟು ಹೋದ್ರೆ ಗೊತ್ತಾಗ್ತದೆ ನಿಮಗೆ!" ನಿನ್ನದೇ ಸ್ವರ ಕೇಳಿದಂತಾಯಿತು. ಮನೆಯಿಡೀ ಓಡಿ ಒಂದೂ ಬಿಡದೆ ಕಿತ್ತೆ. ಬಂದು ಕೂತದ್ದೇ ತಡ, ಕೆಳಪೇಟೆಯ ಅಕ್ಕಿ ಅಂಗಡಿ ಹಮೀದನ ಫೋನು, ಕಡಬದ ಮದುವೆಮನೆಯಿಂದ.

"ಗೌಡ್ರೆ, ಎಂತ ಇದು? ನಿಮ್ಮ ಹೊಳೆಯೇ ಇಲ್ಲ! ಬಿರಿಯಾನಿ ಬಿಟ್ಟು ಓಡಿ ಬರುದಾ, ಉಂಡು ಬರುದಾ?"

ನೋಡಿದರೆ ಬಿಳಿ ಪರದೆ, ಬ್ಯಾಡ್ ಗೇಟ್‌ವೇ ಎಂಬ ಅಕ್ಷರ. ಕಿಟಕಿಯಾಚೆ ಮಳೆ, ಪೊರೆ ಬಂದ ನನ್ನ ಕಣ್ಣಿಗೆ ಅದೂ ಬಿಳಿಯೇ. ಅವನ ಅಕ್ಕಿ ನನ್ನಿಂದಾಗಿ ನೆನೆದರೆ? ನೀನು ಕಟ್ಟಿದ್ದನ್ನು ಒಂದೇ ದಿನದಲ್ಲಿ ಕೆಡಿಸಿಬಿಟ್ಟೆನೇ? ಸರಿಯಿದ್ದ ಸಾಲುಗಳನ್ನೇ ಮತ್ತೆ ಮತ್ತೆ ಓದಿದೆ.

ರಶ್ಮಿಗೆ ಫೋನ್ ಮಾಡಿದೆ. "ಎದುರಿನದ್ದು ಸರಿ ಉಂಟು ದೊಡ್ಡಪ್ಪ. ಒಳಗಿನದ್ದು ಮಾತಾಡುದಿಲ್ಲ. ಕರೆಂಟ್ ಉಂಟಾ ಅದಕ್ಕೆ?"

ಮಾಳಿಗೆಗೆ ಓಡಿದೆ. ಪುಟ್ಟ ಕಂಪ್ಯೂಟರು, ಕ್ಯಾಮರಾ, ಇಂಟರ್ನೆಟ್ ಪೆಟ್ಟಿಗೆ ಮೂರಕ್ಕೂ ಇದ್ದ ಒಂದೇ ಪ್ಲಗ್ ನೆಲದ ಮೇಲೆ ಬಿದ್ದಿತ್ತು, ನಾನೇ ಕಿತ್ತದ್ದು. ಮತ್ತೆ ಸಿಡಿಲು ಹೊಡೆಯಿತು. ನಲವತ್ತು ವರ್ಷ ನೀನು ಬೇಡವೆಂದದ್ದನ್ನು ಕಣ್ಣು ಮುಚ್ಚಿ ಮಾಡಿದೆ, ಪ್ಲಗ್ ಚುಚ್ಚಿದೆ.

ಹೊಳೆ ಬಂತು ಲಲಿತಾ. ಮೆಟ್ಟಿಲೊಂದೂ ಕಾಣಲಿಲ್ಲ, ಎಲ್ಲ ನೀರಿನಡಿ. "ಬೇಗ ಬಾ ಹಮೀದ್" ಎಂದೆ. ಬಂದ, ಮೂಟೆಗಳನ್ನೆಲ್ಲ ಅಟ್ಟಕ್ಕೇರಿಸಿದ ಮೇಲೆ ನೀರು ಅಂಗಡಿಯೊಳಗೆ ನುಗ್ಗಿತು.

ಈಗಲೂ ಗುಡುಗುತ್ತಿದೆ. ಟಿ.ವಿ., ಫ್ರಿಜ್ಜು, ಮಿಕ್ಸಿ ಎಲ್ಲ ಕಿತ್ತಿದ್ದೇನೆ. ಅದೊಂದನ್ನು ಮಾತ್ರ ಇನ್ನು ಕೀಳುವುದಿಲ್ಲ. ಪಕ್ಕದಲ್ಲೇ ಕೂತಿದ್ದೇನೆ, ಹೆದರಿಕೊಂಡೇ. ನೀನು ಬೈದರೂ ಸರಿ.

ನಿನ್ನವ