ಹತ್ತೊಂಬತ್ತು ಸೆಕೆಂಡಿನ ನಗು

ಜುಲೈ 8, ಸೋಮವಾರ
ಬ್ಯಾಂಕಿನಿಂದ ಬರುವಾಗ ಎಡಪ್ಪಳ್ಳಿ ಜಂಕ್ಷನ್‌ನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಮನೆಗೆ ಬಂದರೆ ಮಗಳು ಸಿಂಚನಾ ಫೋನಿನಲ್ಲಿ. ಗೆಳತಿಯರ ಜೊತೆ ನಗು. ಹೋದ ವರ್ಷ ಮೈಸೂರಿನಿಂದ ಬಂದಾಗ ಇವಳ ಮಲಯಾಳಂ ಕೇಳಿ ಹುಡುಗಿಯರು ಆಡಿಕೊಳ್ಳುತ್ತಿದ್ದರು. ಊಟಕ್ಕೆ ಒಬ್ಬಳೇ ಕೂರುತ್ತಿದ್ದಳು. ಈಗ ಏಳನೇ ಕ್ಲಾಸು, ಒಂದು ಗುಂಪು ಸಿಕ್ಕಿದೆ. ನನಗೇ ಇನ್ನೂ ಯಾರೂ ಸಿಕ್ಕಿಲ್ಲ. ಇವಳಪ್ಪ ಯಜ್ಞ ಅವರ ಕೆಲಸ ತಿರುವನಂತಪುರದ ಶ್ರೀಕಾರ್ಯಂನಲ್ಲಿ. ಗಂಡ-ಹೆಂಡತಿಗೆ ಎರಡು ಊರು, ಎರಡು ಅಡುಗೆ.
ಸ್ಕೂಲಿನಿಂದ ಮೆಸೇಜ್. ನಾಳೆ ಕೌನ್ಸೆಲರ್ ಕರೆದಿದ್ದಾರೆ. ಮತ್ತೆ ಯಾರು ಏನಂದರೋ ಇವಳಿಗೆ...

ಜುಲೈ 9
ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಕೌನ್ಸೆಲರ್ ಜಾಯ್ಸ್ ಮಿಸ್ ಕೂರಿಸಿ, ನೀರು ಕೊಟ್ಟು, ಫೋನ್ ಮುಂದಿಟ್ಟರು. ಹುಡುಗಿಯರ ವಾಟ್ಸಾಪ್ ಗ್ರೂಪಿನ ವಾಯ್ಸ್ ನೋಟ್. ಹತ್ತೊಂಬತ್ತು ಸೆಕೆಂಡು. ಯಾರೋ ಉಗ್ಗುತ್ತಿದ್ದಾರೆ, ಹಿಂದೆ ಬೇರೆಯವರ ನಗು.
ಇವಳ ಕ್ಲಾಸಿನ ಆಯೇಷಾ ಎಂಬ ಹುಡುಗಿಗೆ ಉಗ್ಗು ಇದೆ. ಅವಳನ್ನು ಅಣಕಿಸಿದ ದನಿ ನನ್ನ ಮಗಳದು.
ಒಂಬತ್ತು ದಿನದಿಂದ ಆಯೇಷಾ ಸ್ಕೂಲಿಗೆ ಬಂದಿಲ್ಲ.

ಸಂಜೆ
“ಯಾಕೆ ಮಾಡ್ದೆ?”
“ಎಲ್ಲಾರೂ ಮಾಡು ಮಾಡು ಅಂದ್ರು. ಮಾಡ್ದೇ ಇದ್ರೆ ಮತ್ತೆ ನನ್ನನ್ನೇ ಹಿಡ್ಕೋತಾರೆ. ನೀನೇ ಹೇಳಿದ್ಯಲ್ಲಮ್ಮಾ, ಅವ್ರು ನಕ್ರೆ ನೀನೂ ನಕ್ಬಿಡು ಅಂತ.”
ಹೇಳಿದ್ದೆ. ಜಾಣತನ ಅಂದುಕೊಂಡು ಹೇಳಿದ್ದೆ.
ಯಜ್ಞ ಅವರಿಗೆ ಫೋನ್ ಮಾಡಿದೆ. “ಮಕ್ಳಾಟ, ಬಿಡು ವಸಂತಿ. ಮೀಟಿಂಗ್ ಇದೆ” ಎಂದರು.

ಜುಲೈ 13, ಶನಿವಾರ
ಆಯೇಷಾಳ ಮನೆಗೆ ಹೋದೆವು. ಅವಳ ತಾಯಿ ಜುಬೈದಾ ಒಪ್ಪಿದ ಮೇಲೆಯೇ ಜಾಯ್ಸ್ ಮಿಸ್ ವಿಳಾಸ ಕೊಟ್ಟದ್ದು. ಜುಬೈದಾ ಕೂರಿ ಎನ್ನಲಿಲ್ಲ. ಅವರದು ತಪ್ಪಲ್ಲ. ಆಯೇಷಾ ಕೋಣೆಯಿಂದ ಹೊರಗೆ ಬರಲಿಲ್ಲ. ಸಿಂಚನಾ ಮುಚ್ಚಿದ ಬಾಗಿಲಿಗೇ ತನ್ನ ಹರಕು ಮಲಯಾಳಂನಲ್ಲಿ ಹೇಳಿದಳು — ನಾನು ಮಾಡಿದ್ದು ತಪ್ಪು, ಸಾರಿ. ಒಳಗಿಂದ ಸದ್ದಿಲ್ಲ.
ಹೊರಡುವಾಗ ಜುಬೈದಾ ಒಂದೇ ಮಾತು ಹೇಳಿದರು. ಮಗಳು ಈಗ ಮನೆಯಲ್ಲೂ ಮಾತಾಡುವುದಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಾಳೆ.


ಜುಲೈ 22
ಸಿಂಚನಾ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡು ಬರೆದಳು. ಅದಕ್ಕೆ ಇವಳನ್ನೇ ತೆಗೆದುಹಾಕಿದರು. ಮತ್ತೆ ಒಬ್ಬಳೇ ಊಟ. ನೋಡಲಾಗುವುದಿಲ್ಲ.
“ಬೇರೆ ಸ್ಕೂಲ್ ನೋಡ್ಲಾ?”
“ಬೇಡ. ಅವ್ಳು ವಾಪಸ್ ಬಂದಾಗ ನಾನಿರ್ಬೇಕು.”
ಜಾಯ್ಸ್ ಮಿಸ್ ವಾರಕ್ಕೆರಡು ಸಲ ಆಯೇಷಾಳ ಮನೆಗೆ ಹೋಗುತ್ತಿದ್ದಾರಂತೆ. ಕ್ಲಾಸಿನಲ್ಲೂ ಕೂತು ಮಾತಾಡಿಸುತ್ತಿದ್ದಾರೆ, ನಕ್ಕವರನ್ನೂ, ನೋಡಿ ಸುಮ್ಮನಿದ್ದವರನ್ನೂ.

ಆಗಸ್ಟ್ 7, ಬುಧವಾರ
ಆಯೇಷಾ ಸೋಮವಾರದಿಂದ ಬರುತ್ತಿದ್ದಾಳೆ. ಸಿಂಚನಾ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಇವತ್ತು ತಾನಾಗಿ ಬಂದು ಸ್ಕೇಲ್ ಕೇಳಿದಳಂತೆ.
“ಹೇಗೆ ಕೇಳಿದ್ಳು?”
“ಸ್ಕೇಲ್ ಉಂಡೋ, ಇದ್ಯಾ ಅಂತ. ಮೊದಲ್ನೇ ಅಕ್ಷರಾನೇ ಬರ್ಲಿಲ್ಲ. ಹಿಂದ್ಗಡೆ ಯಾರೋ ನಕ್ರು.”
“ನೀನು?”
“ಸ್ಕೇಲ್ ಕೈಯಲ್ಲೇ ಇತ್ತಮ್ಮಾ. ತಕ್ಷಣ ಕೊಡ್ಲಿಲ್ಲ. ಅವ್ಳು ಹೇಳಿ ಮುಗಿಸ್ಲಿ ಅಂತ ಕಾದೆ. ಮುಗಿಸಿದ್ಳು.”
ಅಷ್ಟು ಹೇಳಿ ಯೂನಿಫಾರ್ಮಿನಲ್ಲೇ ನಿದ್ದೆ ಹೋದಳು. ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಅಡುಗೆ ಆಗಿಲ್ಲ. ಏಳಬೇಕು. ಇನ್ನೈದು ನಿಮಿಷ ಹೀಗೇ—